ಚದುರಂಗದ ಕಾಳಿನ ಲೆಕ್ಕ: 18446744073709551615 ಎಂಬ ಸಂಖ್ಯೆಯೊಳಗೆ ಏನೇನಿದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆ ತುಂಬಿಸುವ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಒಟ್ಟು 18446744073709551615 ಕಾಳು ಎಂದು ಪುಸ್ತಕದಲ್ಲಿದೆ. ಎಕ್ಸೆಲ್‌ನಲ್ಲಿ ಹಾಕಿದರೆ 18446744073709600000 ಬರುತ್ತದೆ. ಯಾವುದು ಸರಿ? ಮಕ್ಕಳು ಇನ್ನೊಂದು ಕೇಳಿದರು. ಇಷ್ಟು ದೊಡ್ಡ ಸಂಖ್ಯೆಯ ಅಪವರ್ತನಗಳನ್ನು ಕೈಯಲ್ಲೇ ಹುಡುಕಬಹುದಾ? ಇದು ಸುಮ್ನೆ ದೊಡ್ಡ ಸಂಖ್ಯೆಯಾ, ಅಥವಾ ಇದರಲ್ಲಿ ಬೇರೆ ವಿಶೇಷ ಇದೆಯಾ?

ಉತ್ತರ: ಪುಸ್ತಕದ್ದೇ ಸರಿ. ಎಕ್ಸೆಲ್ ಕೊಟ್ಟಿದ್ದು ಅಂದಾಜು. ಇದನ್ನು ತೀರ್ಮಾನಿಸಲು ಸಮ-ಬೆಸ ಗೊತ್ತಿದ್ದರೆ ಸಾಕು. ಮೊದಲ ಮನೆಯಲ್ಲಿ ಒಂದು ಕಾಳು. ಉಳಿದ 63 ಮನೆಗಳಲ್ಲೂ ಇರುವುದು ಸಮಸಂಖ್ಯೆಯ ಕಾಳು. ಹಾಗಾಗಿ ಮೊತ್ತ ಬೆಸ ಆಗಲೇಬೇಕು. ಸೊನ್ನೆಯಲ್ಲಿ ಮುಗಿಯುವ ಉತ್ತರ ಬೆಸ ಆಗಲು ಸಾಧ್ಯವೇ ಇಲ್ಲ, ಅಲ್ವಾ?

ಎಕ್ಸೆಲ್ ಯಾವ ಸಂಖ್ಯೆಯನ್ನಾದರೂ ಮೊದಲ 15 ಅಂಕಿಗಳವರೆಗೆ ಮಾತ್ರ ತೋರಿಸುತ್ತದೆ. ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ನಮ್ಮ ಸಂಖ್ಯೆಗೆ 20 ಅಂಕಿ. ಎಕ್ಸೆಲ್‌ಗೆ ಈ ಸಂಖ್ಯೆಗೂ ಇದಕ್ಕೆ ಒಂದು ಸೇರಿಸಿದ ಸಂಖ್ಯೆಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ದೊಡ್ಡ ಪೂರ್ಣಸಂಖ್ಯೆಗಳ ಗುಣ ನೋಡುವಾಗ ಎಲ್ಲ ಅಂಕಿಯೂ ಬೇಕು, ಕೊನೆಯ ಅಂಕಿಯಂತೂ ಬೇಕೇ ಬೇಕು. ಪೈಥಾನ್‌ನಂಥ ಭಾಷೆಯಲ್ಲಿ ಪೂರ್ಣಸಂಖ್ಯೆಗಳು ಎಷ್ಟೇ ಉದ್ದ ಇದ್ದರೂ ಪೂರ್ತಿ ಸಿಗುತ್ತವೆ. ಆದರೆ ಈ ಸಂಖ್ಯೆಗೆ ಅದೂ ಬೇಕಾಗಿಲ್ಲ. ಕಾಗದ, ಪೆನ್ನು ಸಾಕು.

ಮೊದಲು ಅದನ್ನು ಕಟ್ಟಿ ನೋಡೋಣ. ಹಲಗೆಯ ಪಕ್ಕದಲ್ಲಿ ಒಂದೇ ಒಂದು ಕಾಳು ಹೆಚ್ಚಿಗೆ ಇಟ್ಟುಕೊಳ್ಳಿ. ಅದನ್ನು ಮೊದಲ ಮನೆಯ ಒಂದು ಕಾಳಿಗೆ ಸೇರಿಸಿದರೆ 2. ಎರಡನೇ ಮನೆಯ 2 ಸೇರಿಸಿದರೆ 4. ಮೂರನೆಯದರ 4 ಸೇರಿಸಿದರೆ 8. ಹೀಗೆ 64ನೇ ಮನೆ ದಾಟಿದಾಗ 2⁶⁴ ಆಗುತ್ತದೆ. ಹೆಚ್ಚಿಗೆ ಇಟ್ಟ ಒಂದು ಕಾಳನ್ನು ಕಳೆದರೆ ಮೊತ್ತ 2⁶⁴ − 1.

ಈಗ 2⁶⁴ ಕಂಡುಹಿಡಿಯಲು 64 ಸಲ ದ್ವಿಗುಣ ಮಾಡುತ್ತಾ ಕೂರಬೇಕಿಲ್ಲ. 2ರ ವರ್ಗ 4. ಅದರ ವರ್ಗ 16. ಮುಂದೆ 256, 65536, 4294967296. ಇನ್ನೊಂದು ವರ್ಗ ಮಾಡಿದರೆ ಮುಗಿಯಿತು. ಒಟ್ಟು ಆರೇ ವರ್ಗ. ಇದು ನಮ್ಮಲ್ಲಿ ಬಹಳ ಹಳೆಯ ಉಪಾಯ. ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು-ಗುರುಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು ಎಂದು ಎಣಿಸಲು ಇದೇ ದಾರಿ ಇದೆ. ಸಮ ಆದರೆ ಅರ್ಧ ಮಾಡು, ಬೆಸ ಆದರೆ ಒಂದು ಕಳೆ, ಆಮೇಲೆ ಹಿಂದಿನಿಂದ ಬರುತ್ತಾ ವರ್ಗ ಮಾಡು ಅಥವಾ ದ್ವಿಗುಣ ಮಾಡು. ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲೂ ಗುಣೋತ್ತರ ಶ್ರೇಢಿಯ ಲೆಕ್ಕಕ್ಕೆ ಈ ಅರ್ಧ-ವರ್ಗ ಕ್ರಮವನ್ನೇ ಹೇಳಿದ್ದಾನೆ. ಅವನು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅದರಲ್ಲಿ 20ನೆಯದು ಮಹಾಶಂಖ. ಅಂದರೆ ನಮ್ಮ ಸಂಖ್ಯೆ ಅವನ ಲೆಕ್ಕದಲ್ಲಿ ಒಂದು ಮಹಾಶಂಖ, ಎಂಟು ಶಂಖ ಎಂದು ಶುರುವಾಗುತ್ತದೆ. ನಾವು ಈಗ ಕೋಟಿಯಾಚೆ ಹೆಸರಿಲ್ಲದೆ ಒದ್ದಾಡುತ್ತೇವೆ. 1,84,467 ಕೋಟಿ ಕೋಟಿ ಎಂದು ಹೇಳಬೇಕು.

ಕೊನೆಯ ವರ್ಗವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. 4294967296 ಅನ್ನು 42949 ಮತ್ತು 67296 ಎಂದು ಎರಡು ತುಂಡು ಮಾಡಿ, (a + b)² ಸೂತ್ರ ಬಳಸಿ. 42949ರ ವರ್ಗ 1844616601. ಎರಡರ ಗುಣಲಬ್ಧದ ಇಮ್ಮಡಿ 5780591808. 67296ರ ವರ್ಗ 4528751616. ಮೊದಲನೆಯದರ ಮುಂದೆ ಹತ್ತು ಸೊನ್ನೆ, ಎರಡನೆಯದರ ಮುಂದೆ ಐದು ಸೊನ್ನೆ ಹಾಕಿ ಮೂರನ್ನೂ ಕೂಡಿದರೆ 18446744073709551616 ಬರುತ್ತದೆ. ಒಂದು ಕಳೆದರೆ ನಿಮ್ಮ ಪುಸ್ತಕದ ಸಂಖ್ಯೆ. ಎಕ್ಸೆಲ್ ಕೈಬಿಟ್ಟ ಅಂಕಿಗಳನ್ನು ಎಂಟನೇ ತರಗತಿಯ ಸೂತ್ರ ತಂದುಕೊಡುತ್ತದೆ.

ಇನ್ನು ಅಪವರ್ತನ. ಸಾಮಾನ್ಯವಾಗಿ ನಾವು ಅಂಕಿ ನೋಡಿ ಶುರು ಮಾಡುತ್ತೇವೆ. ಕೊನೆಗೆ 5 ಇದೆ, ಹಾಗಾಗಿ 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 87, ಹಾಗಾಗಿ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಒಂದು ಬಿಟ್ಟು ಒಂದು ಅಂಕಿ ಕೂಡಿ ಕಳೆದರೆ 62 − 25 = 37, ಹಾಗಾಗಿ 11 ಇಲ್ಲ. ಇಲ್ಲಿಂದ ಮುಂದೆ ಅಂಕಿಗಳು ಜಾಸ್ತಿ ಏನೂ ಹೇಳುವುದಿಲ್ಲ. ಒಂದು ದೊಡ್ಡ ಸಂಖ್ಯೆ ಕೈಗೆ ಬಂದಾಗ ಅದರ ಅಂಕಿಗಳಿಗಿಂತ ಅದು ಹುಟ್ಟಿದ ರೀತಿ ನಮಗೆ ಎಷ್ಟೋ ಜಾಸ್ತಿ ತಿಳಿಸುತ್ತದೆ. ನಮ್ಮದು 2⁶⁴ − 1. ಅಂದರೆ ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆದದ್ದು. a² − b² = (a + b)(a − b) ಎಂಬುದನ್ನು ಹಾಕಿದರೆ ಅದು (2³² + 1) × (2³² − 1) ಆಗುತ್ತದೆ. ಎರಡನೇ ಆವರಣ ಮತ್ತೆ ವರ್ಗಗಳ ವ್ಯತ್ಯಾಸವೇ. ಅದನ್ನು ಒಡೆಯಿರಿ. ಮತ್ತೆ ಒಡೆಯಿರಿ. ಕೊನೆಗೆ ಉಳಿಯುವುದು ಇದು:

3 × 5 × 17 × 257 × 65537 × 4294967297

ಇಪ್ಪತ್ತು ಅಂಕಿಯ ಸಂಖ್ಯೆ ಆರು ಸಾಲಿನಲ್ಲಿ ಬಿಚ್ಚಿಕೊಂಡಿತು. ಈ ಆರೂ ಸಂಖ್ಯೆಗಳು 2ರ ಒಂದು ಘಾತಕ್ಕೆ 1 ಸೇರಿಸಿದವು, ಆ ಘಾತಾಂಕಗಳು 1, 2, 4, 8, 16, 32. ಇವುಗಳಿಗೆ ಫರ್ಮಾ ಸಂಖ್ಯೆಗಳು ಎಂದು ಹೆಸರು. 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯೆರ್ ದ ಫರ್ಮಾ ಇಂಥವೆಲ್ಲ ಅವಿಭಾಜ್ಯ ಎಂದು ನಂಬಿದ್ದ. ಮೊದಲ ಐದು ನಿಜವಾಗಿಯೂ ಅವಿಭಾಜ್ಯ. ಆರನೆಯದು, 4294967297, ಅವನ ನಂಬಿಕೆಯನ್ನು ಮುರಿಯಿತು. ಮುರಿದವನು ಸ್ವಿಸ್ ಗಣಿತಜ್ಞ ಆಯ್ಲರ್, 1732ರಲ್ಲಿ.

ಆಯ್ಲರ್ ಕಂಡ ಅಪವರ್ತನ 641. ಅದನ್ನು ಅವನು ಕುರುಡಾಗಿ ಭಾಗಿಸುತ್ತಾ ಹುಡುಕಲಿಲ್ಲ. 2³² + 1 ಅನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ 64ರ ಅಪವರ್ತ್ಯಕ್ಕಿಂತ ಒಂದು ಜಾಸ್ತಿ ಇರಲೇಬೇಕು ಎಂದು ಅವನು ಸಾಧಿಸಿದ. ಆ ಜರಡಿಯಲ್ಲಿ ಉಳಿಯುವ ಅವಿಭಾಜ್ಯಗಳು 193, 257, 449, 577, 641. ಐದನೇ ಪ್ರಯತ್ನಕ್ಕೇ ಉತ್ತರ ಸಿಗುತ್ತದೆ. ಭಾಗಲಬ್ಧ 6700417. ಅದು ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗೆ, ಅಂದರೆ 2588ರವರೆಗೆ, ಅದೇ ಜರಡಿ ಸಾಕು. ಪರೀಕ್ಷಿಸಬೇಕಾದದ್ದು 641, 769, 1153, 1217, 1409, 1601, 2113 ಮಾತ್ರ. ಏಳು ಭಾಗಾಕಾರ. ಯಾವುದೂ ಭಾಗಿಸುವುದಿಲ್ಲ. ನಿಮ್ಮ ತರಗತಿಯಲ್ಲಿ ಏಳು ಮಕ್ಕಳಿಗೆ ಒಂದೊಂದು ಹಂಚಿದರೆ ಒಂದು ಅವಧಿಯಲ್ಲಿ ಮುಗಿಯುವ ಕೆಲಸ.

641 ಭಾಗಿಸುತ್ತದೆ ಎಂಬುದಕ್ಕೆ ಭಾಗಾಕಾರವನ್ನೇ ಮಾಡದೆ ಒಂದು ಸಾಧನೆ ಇದೆ. ನನಗೆ ಬಹಳ ಇಷ್ಟವಾದದ್ದು. 641 ಅನ್ನು ಎರಡು ರೀತಿಯಲ್ಲಿ ಬರೆಯಿರಿ. ಒಂದು, 5 × 2⁷ + 1. ಇನ್ನೊಂದು, 5⁴ + 2⁴, ಅಂದರೆ 625 + 16. ಮೊದಲನೆಯದರ ಪ್ರಕಾರ 641ರಿಂದ ಭಾಗಿಸಿದಾಗ 5 × 2⁷ಕ್ಕೆ ಶೇಷ −1, ಅಂದರೆ ಅದು 641ರ ಅಪವರ್ತ್ಯಕ್ಕೆ ಒಂದು ಕಡಿಮೆ. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ ಬದಲು −2⁴ ಹಾಕಬಹುದು. ಆಗ −2³²ಕ್ಕೆ ಶೇಷ 1. ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಮುಗಿಯಿತು. ಹತ್ತನೇ ತರಗತಿಯ ಚುರುಕು ಮಕ್ಕಳಿಗೆ ಇದನ್ನು ಕರಿಹಲಗೆ ಮೇಲೆ ನಿಧಾನವಾಗಿ ಬರೆದು ತೋರಿಸಿ. ಒಂದೆರಡು ಮುಖಗಳಾದರೂ ಅರಳುತ್ತವೆ.

ಹಾಗಾದರೆ ನಮ್ಮ ಸಂಖ್ಯೆಯ ಪೂರ್ತಿ ಅಪವರ್ತನ 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಒಟ್ಟು 2⁷, ಅಂದರೆ 128 ಭಾಜಕಗಳು. ಆ ಸಂಖ್ಯೆಯನ್ನೇ ಬಿಟ್ಟು ಉಳಿದ 127 ಭಾಜಕಗಳನ್ನು ಕೂಡಿದರೆ ಸಂಖ್ಯೆಯ ಸುಮಾರು ಶೇ. 70ರಷ್ಟು ಮಾತ್ರ ಬರುತ್ತದೆ. ಈ ಮೊತ್ತ ಸಂಖ್ಯೆಗೇ ಸಮ ಆದರೆ ಅದನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಇದು ಪರಿಪೂರ್ಣ ಸಂಖ್ಯೆ ಅಲ್ಲ, ಅದರ ಹತ್ತಿರವೂ ಇಲ್ಲ.

ಇಷ್ಟು ಸುಲಭವಾಗಿ ಒಡೆದದ್ದು 64 ಸಂಯುಕ್ತ ಸಂಖ್ಯೆ ಆಗಿದ್ದರಿಂದ. ಘಾತಾಂಕ ಅವಿಭಾಜ್ಯ ಆದರೆ ಈ ಉಪಾಯ ನಡೆಯುವುದಿಲ್ಲ. ಹಲಗೆಗೆ ಇನ್ನು ಮೂರೇ ಮನೆ ಸೇರಿಸಿ 67 ಮಾಡಿದರೆ ಮೊತ್ತ 2⁶⁷ − 1, ಅಂದರೆ 147573952589676412927. ಇದು ಅವಿಭಾಜ್ಯ ಅಲ್ಲ ಎಂದು ಫ್ರಾನ್ಸಿನ ಎದುವಾರ್ ಲುಕಾಸ್ 1876ರಲ್ಲಿ ತೋರಿಸಿದ್ದ. ಆದರೆ ಅಪವರ್ತನ ಯಾವುದು ಎಂದು ಅವನ ವಿಧಾನ ಹೇಳುತ್ತಿರಲಿಲ್ಲ. 193707721 × 761838257287 ಎಂದು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ತೋರಿಸಿದ್ದು 1903ರಲ್ಲಿ. ಇನ್ನೊಂದು ಕಡೆ, 61 ಮನೆಗೆ ನಿಲ್ಲಿಸಿದರೆ ಬರುವ 2305843009213693951 ಅವಿಭಾಜ್ಯ. ರಷ್ಯಾದ ಪೆರ್ವುಶಿನ್ 1883ರಲ್ಲಿ ಅದನ್ನು ಸಾಧಿಸಿದ. ಒಂದೇ ಹಲಗೆ, ಮನೆಗಳ ಸಂಖ್ಯೆ ಸ್ವಲ್ಪ ಬದಲಾದರೆ ಗುಣ ಪೂರ್ತಿ ಬೇರೆ.

ವಿಶೇಷ ಏನಾದರೂ ಇದೆಯಾ ಎಂದು ಕೇಳಿದ್ದೀರಿ. ಮೊದಲನೆಯದು ಜ್ಯಾಮಿತಿಯಲ್ಲಿದೆ. 1796ರಲ್ಲಿ, ಇನ್ನೂ 19 ತುಂಬಿರದ ಜರ್ಮನ್ ಗಣಿತಜ್ಞ ಗೌಸ್, ಬರೀ ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ 17 ಬಾಹುಗಳ ನಿಯಮಿತ ಬಹುಭುಜ ರಚಿಸಬಹುದು ಎಂದು ಕಂಡುಕೊಂಡ. ಬೆಸ ಸಂಖ್ಯೆಯ ಬಾಹುಗಳಿದ್ದರೆ, ಆ ಸಂಖ್ಯೆ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಅದು ಬಿಟ್ಟು ಬೇರೆ ದಾರಿ ಇಲ್ಲ ಎಂದು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ಈವರೆಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ: 3, 5, 17, 257, 65537. ಅವುಗಳ ಗುಣಲಬ್ಧ 4294967295, ಅಂದರೆ 2³² − 1. ಚದುರಂಗದ ಹಲಗೆಯ ಸರಿಯಾಗಿ ಅರ್ಧದಷ್ಟು ಮನೆಗಳ ಕಾಳು! ರಚಿಸಬಹುದು ಎಂದು ನಮಗೆ ಗೊತ್ತಿರುವ ಅತಿ ಹೆಚ್ಚು ಬೆಸ ಬಾಹುಗಳ ಬಹುಭುಜ ಅದು. ಪೂರ್ತಿ ಹಲಗೆಯ ಸಂಖ್ಯೆಗೆ ಬಂದರೆ 641 ಅಡ್ಡ ನಿಲ್ಲುತ್ತದೆ. ಅಷ್ಟು ಬಾಹುಗಳ ಬಹುಭುಜವನ್ನು ಕೈವಾರದಿಂದ ರಚಿಸಲಾಗದು.

ಎರಡನೆಯದು ವರ್ಗಗಳ ಮೊತ್ತ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದು ಮಕ್ಕಳ ಕೈಗೆ ಸಿಗುವ ಗಣಿತ. ಯಾವುದೇ ಪೂರ್ಣಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಮೂರನ್ನು ಹೇಗೆ ಕೂಡಿದರೂ ಶೇಷ 7 ಬರುವುದಿಲ್ಲ. ನಮ್ಮ ಸಂಖ್ಯೆ 8ರ ಅಪವರ್ತ್ಯಕ್ಕೆ ಒಂದು ಕಡಿಮೆ, ಹಾಗಾಗಿ ಅದರ ಶೇಷ 7. ಅಂದರೆ ಮೂರು ವರ್ಗಗಳ ಮೊತ್ತವಾಗಿ ಅದನ್ನು ಬರೆಯಲು ಸಾಧ್ಯವಿಲ್ಲ. ನಾಲ್ಕು ವರ್ಗ ಇದ್ದರೆ ಎಲ್ಲ ಸಂಖ್ಯೆಗೂ ಸಾಕು ಎಂದು 1770ರಲ್ಲಿ ಲಗ್ರಾಂಜ್ ಸಾಧಿಸಿದ್ದಾನೆ. ಹಾಗಾದರೆ ನಮ್ಮ ಸಂಖ್ಯೆಗೆ ಆ ನಾಲ್ಕು ಯಾವುವು?

ಹುಡುಕುವುದಕ್ಕೂ ಹಲಗೆಯೇ ದಾರಿ ಕೊಡುತ್ತದೆ. 1, 3, 5, ಹೀಗೆ ಬೆಸ ಮನೆಗಳ ಕಾಳು ಮಾತ್ರ ಕೂಡಿ. ಪ್ರತಿ ಸಮ ಮನೆಯಲ್ಲೂ ಅದರ ಹಿಂದಿನ ಬೆಸ ಮನೆಯ ಎರಡರಷ್ಟು ಇದೆ. ಹಾಗಾಗಿ ಬೆಸ ಮನೆಗಳ ಮೊತ್ತ ಒಟ್ಟಿನ ಮೂರನೇ ಒಂದು ಭಾಗ: 6148914691236517205. ಇದು 5, 17, 257, 65537, 4294967297 ಇವುಗಳ ಗುಣಲಬ್ಧ. ಇವೆಲ್ಲವೂ ಎರಡು ವರ್ಗಗಳ ಮೊತ್ತ: 2² + 1², 4² + 1², 16² + 1², 256² + 1², 65536² + 1². ಎರಡು ವರ್ಗಗಳ ಮೊತ್ತವನ್ನು ಇನ್ನೊಂದು ಅಂಥದ್ದರಿಂದ ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ. (a² + b²)(c² + d²) = (ac − bd)² + (ad + bc)². ಇದನ್ನು ಈಗ ಬ್ರಹ್ಮಗುಪ್ತನ ಹೆಸರಿನಿಂದಲೇ ಕರೆಯುತ್ತಾರೆ. ಅವನ ಬ್ರಾಹ್ಮಸ್ಫುಟಸಿದ್ಧಾಂತ 628ರದ್ದು.

ಒಂದೊಂದೇ ಹೆಜ್ಜೆ ಇಡಿ. 5 × 17 = 85 = 7² + 6². ಅದನ್ನು 257ರಿಂದ ಗುಣಿಸಿದರೆ 21845 = 106² + 103². 65537ರಿಂದ ಗುಣಿಸಿದರೆ 1431655765 = 27033² + 26474². ಕೊನೆಯ ಹೆಜ್ಜೆಗೆ 1771608214² + 1735027097². ಬೆಸ ಮನೆಗಳ ಎಲ್ಲ ಕಾಳೂ ಎರಡು ವರ್ಗಗಳಲ್ಲಿ ಕೂತವು. ಇನ್ನು ಮೂರರಿಂದ ಗುಣಿಸಬೇಕು. 3(u² + v²) ಅಂದರೆ (u + v)² + (u − v)² + u² + v². ಹಾಗಾಗಿ ಉತ್ತರ:

18446744073709551615 = 3506635311² + 36581117² + 1771608214² + 1735027097²

ಮೊದಲನೆಯದು ಕೊನೆಯ ಎರಡರ ಮೊತ್ತ, ಎರಡನೆಯದು ಅವುಗಳ ವ್ಯತ್ಯಾಸ. ಕಂಪ್ಯೂಟರ್‌ಗೆ ಹುಡುಕಲು ಬಿಟ್ಟರೆ ಯಾವುದೋ ನಾಲ್ಕು ವರ್ಗ ಕೊಡುತ್ತದೆ. ಈ ನಂಟು ಕಣ್ಣಿಗೆ ಬೀಳುವುದು ಕೈಯಲ್ಲಿ ಮಾಡಿದಾಗಲೇ.

ಗಾತ್ರದ ಅಂದಾಜು ಮಕ್ಕಳಿಗೆ ಹೇಗೂ ಬೇಕಾಗುತ್ತದೆ. ಒಂದು ಅಕ್ಕಿ ಕಾಳು 25 ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಟ್ಟು ತೂಕ ಸುಮಾರು 46,100 ಕೋಟಿ ಟನ್. ಈಗ ಜಗತ್ತಿನಲ್ಲಿ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್‌ನ ಆಸುಪಾಸು. ಹತ್ತಿರ ಹತ್ತಿರ 900 ವರ್ಷದ ಬೆಳೆ. ಹನೋಯ್ ಗೋಪುರದ ಆಟದಲ್ಲೂ ಇದೇ ಸಂಖ್ಯೆ ಬರುತ್ತದೆ. ಆ ಆಟವನ್ನು 1883ರಲ್ಲಿ ಹೊರತಂದವನು ಮೇಲೆ ಹೇಳಿದ ಲುಕಾಸ್‌ನೇ. 64 ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಲು 2⁶⁴ − 1 ನಡೆ ಬೇಕು. ಸೆಕೆಂಡಿಗೆ ಒಂದು ನಡೆಯಂತೆ ಸುಮಾರು 58,450 ಕೋಟಿ ವರ್ಷ. ವಿಶ್ವದ ವಯಸ್ಸು 1,380 ಕೋಟಿ ವರ್ಷದಷ್ಟು. ಕಂಪ್ಯೂಟರ್ ಓದುವ ಮಕ್ಕಳಿಗೆ ಇನ್ನೊಂದು ಹೇಳಿ. ದ್ವಿಮಾನ ಪದ್ಧತಿಯಲ್ಲಿ ಇದು ಸಾಲಾಗಿ 64 ಒಂದುಗಳು. 64 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಸಂಖ್ಯೆ ಇದೇ.

ಒಂದು ಹೆಜ್ಜೆ ಮುಂದೆ ಹೋಗಬೇಕೆನ್ನುವ ಮಕ್ಕಳಿಗೆ ಇದಕ್ಕೆ 2 ಸೇರಿಸಿ ನೋಡಲು ಹೇಳಿ. ಬರುವುದು 2⁶⁴ + 1, ಅಂದರೆ ಮುಂದಿನ ಫರ್ಮಾ ಸಂಖ್ಯೆ. ಪ್ರತಿ ಫರ್ಮಾ ಸಂಖ್ಯೆಯೂ ಅದರ ಹಿಂದಿನವುಗಳೆಲ್ಲದರ ಗುಣಲಬ್ಧಕ್ಕಿಂತ 2 ಜಾಸ್ತಿ. ಸಾಮಾನ್ಯ ಅಪವರ್ತನ ಇದ್ದರೆ ಅದು ಆ 2 ಅನ್ನೂ ಭಾಗಿಸಬೇಕು. ಆದರೆ ಎಲ್ಲವೂ ಬೆಸ, ಹಾಗಾಗಿ ಅದಕ್ಕೂ ಹಿಂದಿನ ಯಾವುದಕ್ಕೂ 1 ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ. 3, 5, 17, 641 ಯಾವುದೂ ಅದನ್ನು ಭಾಗಿಸದು. ಇಲ್ಲಿ ವರ್ಗಗಳ ವ್ಯತ್ಯಾಸ ಇಲ್ಲ, ಮೊತ್ತ ಇದೆ, ಹಾಗಾಗಿ ಮೇಲಿನಂತೆ ಆವರಣಗಳಾಗಿ ಒಡೆಯುವುದೂ ಇಲ್ಲ. 1880ರಲ್ಲಿ ಫ್ರಾನ್ಸಿನ ಫಾರ್ಚುನೆ ಲಾಂದ್ರಿ ಅದನ್ನು 274177 × 67280421310721 ಎಂದು ಒಡೆದ. ಆಗ ಅವನಿಗೆ 82 ವರ್ಷ. ಆಯ್ಲರ್‌ನ ಜರಡಿ ಇಲ್ಲೂ ನಡೆಯುತ್ತದೆ, 64ರ ಬದಲು 128 ಬರುತ್ತದೆ ಅಷ್ಟೇ. 274176 ಅನ್ನು 128ರಿಂದ ಭಾಗಿಸಿದರೆ ಸರಿಯಾಗಿ 2142.